ಒಗ್ಗರಣೆ ಇಲ್ಲದ ಬೇಳೆ

ಆ ಲಾರಿ ಡ್ರೈವರ್ ಯಾವಾಗಲೂ ಖಾನಾವಳಿಯ ಹಿಂದಿನ ಬಾಗಿಲ ಹತ್ತಿರವೇ ಕೂರುತ್ತಿದ್ದ. ಮುಂದೆ ಜಾಗ ಖಾಲಿ ಇದ್ದರೂ ಅಲ್ಲೇ. ಅರ್ಧ ರೊಟ್ಟಿ ಮುರಿಯುವುದು, ಎದ್ದು ಹಿತ್ತಲಿಗೆ ಓಡುವುದು, ಬಂದು ನೀರು ಕುಡಿದು ಲಾರಿ ಹತ್ತುವುದು. ನನ್ನ ಖಾನಾವಳಿ ಬಳ್ಳಾರಿಯ ಹೊರಗೆ ಅದಿರಿನ ಲಾರಿಗಳು ಹೋಗುವ ರಸ್ತೆಯಲ್ಲಿತ್ತು. ಆಗ ಮೈನಿಂಗ್ ಜೋರು. ರಸ್ತೆ, ಬೇವಿನ ಮರ, ನನ್ನ ಸೂರಿನ ತಗಡು, ಒಣಹಾಕಿದ ಸೀರೆ ಎಲ್ಲ ಕೆಂಪು. ಹಿಟ್ಟು ನಾದುವ ಮೊದಲು ಪರಾತ ಒರೆಸಿದರೂ ನಾದುವಷ್ಟರಲ್ಲಿ ಮತ್ತೆ ಧೂಳು ಕೂತಿರುತ್ತಿತ್ತು. ಬೆಳಗಿನಿಂದ ರೊಟ್ಟಿ ಬಡಿದು ಬಡಿದು ನನ್ನ ಭುಜ ಬಿದ್ದುಹೋಗಿರುತ್ತಿತ್ತು. ಅಂಥ ಹೊತ್ತಿನಲ್ಲಿ ಇವನು ಅರ್ಧ ರೊಟ್ಟಿ ಬಿಟ್ಟು ಏಳುವುದು ಕಂಡರೆ ಸಿಟ್ಟು ಬರುತ್ತಿತ್ತು.

ಕುಡುಕ ಎಂದೇ ತಿಳಿದಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಲೇ, ಹಗಲ ಹೊತ್ತಿನ್ಯಾಗ ಕುಡಿದು ಗಾಡಿ ಹೊಡಿತೀಯೇನು?"

"ಇಲ್ಲ ಯವ್ವಾ. ಹೊಟ್ಟಿ."

"ಹೊಟ್ಟಿ ಎಲ್ಲಾರಿಗೂ ಐತಿ."

"ನನಗ ರಕ್ತ ಹೋಗತೈತಿ."

ಆಮೇಲೆ ಒಂದೊಂದೇ ಹೇಳಿದ. ಲಾರಿ ಸಾಲಿನಲ್ಲಿ ಸಿಕ್ಕಿಕೊಂಡರೆ ಇಳಿಯಲು ಆಗುವುದಿಲ್ಲ. ತಿಂದರೆ ಇಳಿಯಬೇಕಾಗುತ್ತದೆ. ಅದಕ್ಕೆ ಗಾಡಿ ಹತ್ತಿದ ಮೇಲೆ ಏನೂ ತಿನ್ನುವುದಿಲ್ಲ. ಹೀಗೆ ತಿನ್ನದೆ ತಿನ್ನದೆ ಅಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಆಗಿದ್ದ. ಜೊತೆಯ ಡ್ರೈವರುಗಳು ಕಾವು ಆಗಿದೆ, ತಂಪು ಮಾಡಿಕೋ ಎಂದು ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದ್ದರು, ಮಜ್ಜಿಗೆಯಲ್ಲಿ ಹಸಿ ಉಳ್ಳಾಗಡ್ಡಿ ಹೆಚ್ಚಿಹಾಕಿ ತಿನ್ನಿಸಿದ್ದರು. ಅದೆಲ್ಲ ತಿಂದ ದಿನ ಹೊಟ್ಟೆ ಇನ್ನೂ ಹಿಂಡುತ್ತಿತ್ತು.

ದೊಡ್ಡಾಸ್ಪತ್ರೆಯಲ್ಲಿ ಕ್ಯಾಮೆರಾ ಬಿಟ್ಟು ನೋಡಿದ್ದರು. ಮನೆಯವರನ್ನು ಕರೆದುಕೊಂಡು ಬಾ ಎಂದಿದ್ದರು. ಹೆಂಡತಿ ಸಿರುಗುಪ್ಪದ ಕಡೆ ದೇಶನೂರಿನಲ್ಲಿ. ನಾಟಿ ನಡೆದಿತ್ತು, ಕೈಗೂಸು ಬೇರೆ. "ನೀನ ಬಾ ಯವ್ವಾ" ಎಂದ. ನನಗೇನು ಇವನು ಮಗನೇ ಮೊಮ್ಮಗನೇ? ಆದರೂ ರೊಟ್ಟಿಯ ಹಂಚು ಇಳಿಸಿ ಹೋದೆ. ಯಾಕೆ ಹೋದೆ ಎಂದು ಈಗ ಕೇಳಿದರೂ ಗೊತ್ತಿಲ್ಲ.

ಡಾಕ್ಟರ್ ನೇರವಾಗಿ ಹೇಳಿದರು. "ಕರುಳಿನಲ್ಲಿ ಹುಣ್ಣಾಗಿ, ಮಾಯ್ದು, ಮತ್ತೆ ಹುಣ್ಣಾಗಿ ಒಂದು ಕಡೆ ಬಿಗಿದುಕೊಂಡಿದೆ. ಗುಳಿಗೆಯಿಂದ ಬಾವು ಇಳಿಯುತ್ತೆ, ಆ ಬಿಗಿತ ಹೋಗಲ್ಲ. ಕೊಯ್ದು ತೆಗೀಬೇಕು. ಆದರೆ ಈ ಮೈಯಲ್ಲಿ ಕೊಯ್ದರೆ ಹೊಲಿಗೆ ಹಿಡಿಯಲ್ಲ. ಮೊದಲು ಐವತ್ತು ಕೇಜಿ ಆಗಲಿ."

"ಆಗದಿದ್ರ?" ಎಂದೆ.

"ಒಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತೆ. ಆಗ ಯಾವ ಮೈ ಇದ್ದರೂ ಕೊಯ್ಯಲೇಬೇಕಾಗುತ್ತೆ. ಉಳಿಯೋದು ಕಷ್ಟ."

ಡ್ರೈವರ್ ಆಗಲೇ ಎದ್ದು ಬಾಗಿಲ ಹತ್ತಿರ ಹೋಗಿದ್ದ.

ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಹುಡುಗಿ ಕೂತಿದ್ದಳು. ಹಾಳೆಯ ಮೇಲೆ ಬರೆಯಲು ಹೊರಟಳು. "ಓದಾಕ ನನಗ ಹೊತ್ತು ಹಿಡಿತೈತಿ, ಬಾಯಿಲೆ ಹೇಳು" ಎಂದೆ. ಬೇಸರ ಮಾಡಿಕೊಳ್ಳದೆ ಹೇಳಿದಳು. ಸಿಪ್ಪೆ, ಬೀಜ, ನಾರು, ಹಸಿ ತರಕಾರಿ, ಶೇಂಗಾ, ಮೆಣಸಿನಕಾಯಿ ಈಗ ಬೇಡ. ಜೋಳದ ರೊಟ್ಟಿ ಬೇಡ. ಮೆತ್ತಗೆ ಬೇಯಿಸಿದ ಅನ್ನ, ಸೋಸಿದ ಬೇಳೆ, ಮೊಟ್ಟೆ, ಮುಳ್ಳು ತೆಗೆದ ಮೀನು. ಎಣ್ಣೆ ಕಮ್ಮಿ. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆಯೇ ನೋಡಿ, ಉಬ್ಬಿದರೆ ಬಿಟ್ಟು ಮೊಸರು ಕೊಡಿ. ಒಂದೇ ಸಲ ತುಂಬಬೇಡಿ, ದಿನವಿಡೀ ಸ್ವಲ್ಪ ಸ್ವಲ್ಪ.

"ಇದರಿಂದ ವಾಸಿ ಆಗತೈತೇನವ್ವಾ?"

"ಊಟದಿಂದ ವಾಸಿ ಆಗಲ್ಲ ಅಜ್ಜಿ. ಗುಳಿಗೆ ಬಿಡಬಾರದು. ಊಟ ಮೈ ಹಿಡಿಯೋಕೆ. ಇನ್ನೊಂದು ಮಾತು. ಈ ಗುಳಿಗೆಗೆ ಮುಖ ಊದುತ್ತೆ. ಮುಖ ನೋಡಿ ದಪ್ಪ ಆದ ಅಂದುಕೊಳ್ಳಬೇಡಿ. ತೋಳು ನೋಡಿ."

ಲಾರಿ ಮಾಲೀಕ ವಿಷಯ ಕೇಳಿ ಕೀಲಿ ಕಿತ್ತುಕೊಂಡ. "ನನ್ನ ಗಾಡ್ಯಾಗ ಸತ್ರ ಕೇಸು ನನ್ನ ತಲಿಗೆ" ಎಂದ. ಆದರೆ ಹೊರಗೆ ಹಾಕಲಿಲ್ಲ. ನನ್ನ ಖಾನಾವಳಿಯ ಎದುರಿಗೆ ಲಾರಿ ನಿಲ್ಲಿಸುವ ಬಯಲಿತ್ತು. ಅದನ್ನು ಕಾಯಲು ಕೂರಿಸಿದ. ಹೀಗೆ ಡ್ರೈವರ್ ನನ್ನ ಕಣ್ಣೆದುರಿಗೇ ಬಂದು ಬಿದ್ದ.

ನಾನು ರೊಟ್ಟಿಯವಳು. ಹುಟ್ಟಿದ್ದು ಕುರುಗೋಡಿನ ಕಡೆ ಬಾದನಹಟ್ಟಿ. ನಮ್ಮಲ್ಲಿ ಗದ್ದೆ ಇದ್ದರೂ ಗಟ್ಟಿ ಊಟ ಅಂದರೆ ರೊಟ್ಟಿಯೇ. ಅನ್ನ ಕಡೆಗೆ ಒಂದು ತುತ್ತು, ಬಾಯಿ ತೊಳೆದ ಹಾಗೆ. ಬರೀ ಅನ್ನದ ಮೇಲೆ ಗಂಡಸಿನ ಮೈ ಹಿಡಿಸುವುದು ನನಗೆ ಗೊತ್ತಿರಲಿಲ್ಲ. ಮೊದಲು ತಂದ ಹೊಸ ಅಕ್ಕಿ ಅಂಟು ಅಂಟಾಗಿ ಮುದ್ದೆಯಾಯಿತು. ಅವನು ಎರಡು ತುತ್ತಿಗೆ ಸಾಕೆಂದ. ಬಾದನಹಟ್ಟಿಯ ನನ್ನ ತಂಗಿಗೆ ಹೇಳಿ ಕಳಿಸಿದೆ. ಅವಳ ಮನೆಯಲ್ಲಿ ಹೋದ ವರ್ಷದ ಸೋನಾ ಅಕ್ಕಿ ಇತ್ತು. ಹಳೆ ಅಕ್ಕಿ ನೀರು ಜಾಸ್ತಿ ಕುಡಿಯುತ್ತದೆ, ಅರಳುತ್ತದೆ. ಅದನ್ನು ನೆನೆಸಿ, ನೀರು ಹೆಚ್ಚಿಟ್ಟು, ಅಗುಳನ್ನು ಎರಡು ಬೆರಳಲ್ಲಿ ಒತ್ತಿದರೆ ನಡುವೆ ಕಾಳು ಸಿಗದಷ್ಟು ಬೇಯಿಸಿದೆ. ಗಂಜಿ ಬಸಿಯಲಿಲ್ಲ. ತೊಗರಿಬೇಳೆ ಕುದಿಸಿ ಕಡೆದು ತೆಳು ಬಟ್ಟೆಯಲ್ಲಿ ಸೋಸಿದೆ. ಸೋರೆಕಾಯಿಯ ಸಿಪ್ಪೆ, ಬೀಜ, ಒಳಗಿನ ತಿರುಳು ತೆಗೆದು ಬೇಯಿಸಿ ಹಿಸುಕಿದೆ. ಹಚ್ಚೊಳ್ಳಿ ಕಡೆಯಿಂದ ಕಾಲುವೆ ಮೀನು ತರುವವನು ಬಂದ ದಿನ ಮೀನನ್ನು ಹಬೆಯಲ್ಲಿ ಬೇಯಿಸಿ, ಕೂತು ಮುಳ್ಳು ಬಿಡಿಸುತ್ತಿದ್ದೆ. ನನ್ನ ಕಣ್ಣಿಗೆ ಸಣ್ಣ ಮುಳ್ಳು ಕಾಣುವುದಿಲ್ಲ. ಬೆರಳಲ್ಲಿ ಸವರಿ ಸವರಿ ಹುಡುಕಬೇಕು. ಬೆನ್ನು ಹಿಡಿದುಬಿಡುತ್ತಿತ್ತು.

ಇಷ್ಟು ಮಾಡಿದರೂ ತಟ್ಟೆ ಹಾಗೇ ವಾಪಸು ಬರುತ್ತಿತ್ತು.

"ಯಾಕಲೇ, ಉಪ್ಪಿಲ್ಲೇನು?"

"ಉಪ್ಪೈತಿ."

"ಮತ್ತ?"

ಅವನು ತಲೆ ತಗ್ಗಿಸಿದ. "ಯವ್ವಾ, ಒಗ್ಗರಣಿ ಇಲ್ಲ. ನಮ್ಮಪ್ಪ ಸತ್ತಾಗ ಇಂಥಾ ಬ್ಯಾಳಿ ಉಂಡಿದ್ದೆ. ಬಾಯಾಗಿಟ್ರ ಅಪ್ಪನ ಹೆಣ ಕಣ್ಣಿಗೆ ಬರತೈತಿ."

ಅದು ನನಗೂ ಗೊತ್ತಿದ್ದದ್ದೇ. ಬೇಯಿಸುವಾಗೆಲ್ಲ ನನ್ನ ಕೈಯೂ ಹಿಂಜರಿಯುತ್ತಿತ್ತು. ನಮ್ಮ ಕಡೆ ಒಗ್ಗರಣೆ ಇಲ್ಲದ ಬೇಳೆ ಮಾಡುವುದು ಸಾವಾದಾಗ. ಸತ್ತ ಮನೆಯವರು ಒಲೆ ಹಚ್ಚುವುದಿಲ್ಲ. ಬೇಕಾದವರು ಸಪ್ಪನೆ ಬೇಳೆ, ಅನ್ನ ಮಾಡಿ ಹೊತ್ತು ತಂದು ಉಣ್ಣಿಸುತ್ತಾರೆ. ಒಗ್ಗರಣೆಯ ಸದ್ದು ಆ ಮನೆಯಿಂದ ಬೀದಿಗೆ ಕೇಳಬಾರದು. ಆ ಬೇಳೆಯನ್ನು ನಾನು ದಿನಾ ಕುದಿಸಿ ಜೀವ ಇರುವವನ ಮುಂದೆ ಇಡುತ್ತಿದ್ದೆ.

ಬೇರೆ ಡ್ರೈವರುಗಳ ಮೂಗಿಗೂ ಇದು ಬಡಿಯಿತು. ಗುಂಟೂರು ಕಡೆಯ ದೊಡ್ಡ ಬಾಯಿಯವನೊಬ್ಬ ಒಲೆಯ ಹತ್ತಿರ ಬಂದು ಪಾತ್ರೆ ಇಣುಕಿದ.

"ಏನಮ್ಮಾ, ಖಾನಾವಳ್ಯಾಗ ಯಾರು ಹೋದ್ರು?"

"ನೀ ಹೋಗ್ತೀ ಈಗ. ಕುಂತು ಉಣ್ಣು."

"ಗಾಡಿ ಹತ್ತೋ ಮಂದಿ ಅಮ್ಮಾ ನಾವು. ಸಾವಿನ ಬ್ಯಾಳಿ ನೋಡಿ ಸ್ಟೇರಿಂಗ್ ಹಿಡೀಬೇಕಾ?"

ಅವನು ಎದ್ದು ಹೋದ. ಅವನ ಹಿಂದೆ ಇನ್ನೂ ಕೆಲವರು ಮುಂದಿನ ಖಾನಾವಳಿಗೆ ಹೋದರು. ನಾನು ತಡೆಯಲಿಲ್ಲ. ಆ ಪಾತ್ರೆಯನ್ನು ಹಿತ್ತಲ ಒಲೆಗೆ ಒಯ್ದೆ. ಎರಡು ಒಲೆಯ ನಡುವೆ ಓಡಾಡಿ ಮಂಡಿ ಊದಿಕೊಂಡಿತು.

ಮೈ ಬಂತೋ ಇಲ್ಲವೋ ನೋಡಲು ಅಕ್ಕಿ ಅಂಗಡಿ ಸಾಬರ ಹತ್ತಿರ ಹೋಗುತ್ತಿದ್ದೆವು. ಅವರ ಅಂಗಡಿಯಲ್ಲಿ ಚೀಲ ತೂಗುವ ಹಳೆಯ ದೊಡ್ಡ ತಕ್ಕಡಿ ಸರಪಳಿಯಲ್ಲಿ ನೇತಾಡುತ್ತಿತ್ತು. ಒಂದು ತಟ್ಟೆಯಲ್ಲಿ ಐವತ್ತು ಕೇಜಿಯ ಅಕ್ಕಿ ಚೀಲ, ಇನ್ನೊಂದರಲ್ಲಿ ಇವನು. ಮೊದಲ ಸಲ ಚೀಲ ನೆಲ ಬಿಡಲೇ ಇಲ್ಲ. ಇವನು ಮೇಲೆ ಹೋಗಿ ಜೋಕಾಲಿ ಆಡಿದ.

"ಅರೆ, ನಿನಗಿಂತ ನನ್ನ ಅಕ್ಕಿಗೇ ತಾಕತ್ತು ಜಾಸ್ತಿ ಐತಲ್ಲಪ್ಪಾ!" ಎಂದರು ಸಾಬರು.

"ಲಾರಿ ತೂಗೋ ವೇಬ್ರಿಡ್ಜ್‌ನ್ಯಾಗ ನಾ ಗಾಡಿ ಒಳಗಿದ್ರೂ ಅಷ್ಟ ತೋರಸತೈತಿ, ಇಳದ್ರೂ ಅಷ್ಟ ತೋರಸತೈತಿ" ಎಂದ ಡ್ರೈವರ್. ಸಾಬರು ನಕ್ಕರು. ನನಗೆ ನಗು ಬರಲಿಲ್ಲ.

ಕೆಲವು ವಾರ ಕಳೆದವು. ಅವನ ಮುಖ ದುಂಡಗಾಯಿತು. ನೋಡಿದವರೆಲ್ಲ, ಯವ್ವನ ಕೈ ಊಟ ಹಿಡಿತು ನೋಡು ಅನ್ನತೊಡಗಿದರು. ನಾನು ತೋಳು ಹಿಡಿದು ನೋಡುತ್ತಿದ್ದೆ. ತೋಳು ಹಾಗೇ ಇತ್ತು, ಲಟ್ಟಣಿಗೆಯ ಹಾಗೆ. ಆದರೆ ಆ ಸಲ ತಕ್ಕಡಿಗೆ ಹತ್ತಿದಾಗ ಇವನ ತಟ್ಟೆ ಸರಸರ ಕೆಳಗಿಳಿದು ಚೀಲ ಮೇಲೆದ್ದಿತು. ಸಾಬರು "ಮಾಷಾ ಅಲ್ಲಾ" ಎಂದರು. ನಾನೂ ಒಂದು ಗಳಿಗೆ ನಂಬಿದೆ. ಇಳಿಯುವಾಗ ಅವನ ಲುಂಗಿಯೊಳಗಿಂದ ಲಾರಿ ಗಾಲಿಯ ನಟ್ಟು ಬಿಚ್ಚುವ ದೊಡ್ಡ ಪಾನಾ ಧೊಪ್ಪೆಂದು ಬಿತ್ತು. ನನ್ನ ಕಾಲಬೆರಳಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

"ಇದೇನಲೇ?"

"ಯವ್ವಾ, ಲೋಡ್ ಕಮ್ಮಿ ಇದ್ರ ಜಾಸ್ತಿ ತೋರಸೋದು, ಜಾಸ್ತಿ ಇದ್ರ ಕಮ್ಮಿ ತೋರಸೋದು, ಇಷ್ಟು ದಿವ್ಸ ಅದನ್ನ ನೋಡೀನಿ. ಡಾಕ್ಟರ್ ಕೊಯ್ದುಬಿಡಲಿ ಅಂತ. ನನಗ ಸಾಕಾಗೈತಿ."

"ಕೊಯ್ದ ಮ್ಯಾಲ ಪಾನಾಕ್ಕ ಹೊಲಿಗಿ ಹಾಕ್ತಾರೇನು?"

ಅವನು ಕೂತು ಅತ್ತ. ಅಳುವವರ ಹತ್ತಿರ ಹೇಗಿರಬೇಕೋ ನನಗೆ ಬರುವುದಿಲ್ಲ. ಪಾನಾ ಎತ್ತಿಕೊಂಡು ನಡೆದೆ. ಅವನು ಹಿಂದೆ ಬಂದ.

ನಾಟಿ ಮುಗಿಸಿ ಅವನ ಹೆಂಡತಿ ಬಂದಳು. ಸಣ್ಣ ಹುಡುಗಿ, ಕಂಕುಳಲ್ಲಿ ಕೂಸು. ಕೂಸನ್ನು ಇಳಿಸುವ ಮೊದಲೇ ಹಿತ್ತಲ ಒಲೆಯ ಪಾತ್ರೆಯ ಮುಚ್ಚಳ ತೆಗೆದಳು.

"ಯಮ್ಮಾ, ನನ್ನ ಗಂಡ ಇನ್ನೂ ಬದುಕ್ಯಾನ. ಇದನ್ನ್ಯಾಕ ಉಣಸಾಕತ್ತೀರಿ?"

"ಬದುಕ್ಲಿ ಅಂತ."

"ಹಿಂಗ ಉಣಿಸಿ ಯಾರು ಬದುಕ್ಯಾರ?"

ನಾನು ಹೇಳಬೇಕಾದದ್ದೆಲ್ಲ ಹೇಳಿದೆ. ಬಿಗಿದ ಕರುಳು, ಸಿಪ್ಪೆ, ಬೀಜ, ಡಾಕ್ಟರ್. ತಲೆ ಆಡಿಸಿದಳು. ಮರುದಿನ ನಾನು ಜೋಳ ಬೀಸಿಸಲು ಗಿರಣಿಗೆ ಹೋದಾಗ ಒಲೆಯ ಮುಂದೆ ಅವಳೇ ಕೂತಳು. ಊರಿಂದ ತಂದ ಪುಂಡಿಸೊಪ್ಪು ಹಾಕಿ, ಜೋಳದ ನುಚ್ಚು ಬೆರೆಸಿ, ಶೇಂಗಾ ಕುಟ್ಟಿ ಹಾಕಿ, ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಸಿಡಿಸಿ ಒಗ್ಗರಣೆ ಕೊಟ್ಟಳು. ನಾನು ಹಿಟ್ಟು ಹೊತ್ತು ಬರುವಾಗ ಬೀದಿಯ ತುದಿಗೇ ವಾಸನೆ ಬಂತು. ಒಳಗೆ ಹೋದರೆ ಅವನು ತಟ್ಟೆ ನೆಕ್ಕುತ್ತಿದ್ದ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಅಷ್ಟು ಸಮಾಧಾನದ ಮುಖ ಅವಳದು ನಾನು ನೋಡಿರಲಿಲ್ಲ. ಬೈದು ಏನು ಮಾಡುವುದು? ಉಂಡಾಗಿತ್ತು.

ಮರುದಿನ ಬೆಳಿಗ್ಗೆ ಹೊಟ್ಟೆ ಮಡಕೆಯಂತೆ ಉಬ್ಬಿತು. ಗಾಳಿ ಸಹ ಹೋಗಲಿಲ್ಲ. ಹಸಿರು ಹಸಿರು ವಾಂತಿ. ಹಿಂದೆ ಎದ್ದು ಹೋಗಿದ್ದ ಅದೇ ಗುಂಟೂರಿನವನ ಲಾರಿ ಎದುರಿಗೆ ನಿಂತಿತ್ತು. ಅದರಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು, ಬಾಯಿಗೆ ಹನಿ ನೀರೂ ಬೇಡವೆಂದರು, ಬಾಟಲಿ ಏರಿಸಿದರು. ಹೊಟ್ಟೆ ಇಳಿಯದಿದ್ದರೆ ಈಗಲೇ ಕೊಯ್ಯಬೇಕು ಎಂದರು ಡಾಕ್ಟರ್. ಹೆಂಡತಿ ಗೋಡೆಗೆ ಆತುಕೊಂಡು ಕೂತವಳು ಏಳಲೇ ಇಲ್ಲ.

"ನಾನ ಕೊಂದೆನಾ ಯಮ್ಮಾ?"

"ಇನ್ನೂ ಸತ್ತಿಲ್ಲ. ಕೂಸಿಗೆ ಹಾಲು ಕೊಡು."

ಬಿಗಿತ ತಾನೇ ಒಂದಿಷ್ಟು ಸಡಿಲಿತು. ಕೊಯ್ಯದೆ ಉಳಿದ. ಆದರೆ ಬಂದಿದ್ದ ಅಷ್ಟಿಷ್ಟು ಮೈಯೂ ಇಳಿದುಹೋಗಿ ಮೊದಲಿಗಿಂತ ಹಗುರಾದ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇನ್ನು ನನ್ನಿಂದ ಆಗದು ಅಂದುಕೊಂಡೆ. ಹೆಂಡತಿ ಬಂದಿದ್ದಾಳೆ, ಊರಿಗೆ ಕರೆದುಕೊಂಡು ಹೋಗಲಿ, ಬೇಕಾದ್ದು ಉಣಿಸಲಿ. ಹೇಳಿ ಕೈ ತೊಳೆದುಕೊಳ್ಳಲು ಎದ್ದೆ. ಒಳಗೆ ನರ್ಸಮ್ಮ ಸಪ್ಪನೆ ಗಂಜಿ ತಂದಿಟ್ಟಿದ್ದಳು. ಅವನು ಬಾಯಿ ಬಿಗಿಹಿಡಿದು ಮುಖ ಗೋಡೆಗೆ ತಿರುಗಿಸಿದ್ದ. ಹಸಿವಿದ್ದೂ. ನನಗೆ ಅಲ್ಲಿಯೇ ಹೊಳೆಯಿತು. ಇವನಿಗೆ ಬೇಕಾದದ್ದು ಸಾಸಿವೆಯೂ ಅಲ್ಲ, ಮೆಣಸಿನಕಾಯಿಯೂ ಅಲ್ಲ. ಒಗ್ಗರಣೆಯ ಆ ಸದ್ದು.

ನೇರ ಪಥ್ಯದ ಹುಡುಗಿಯ ಹತ್ತಿರ ಹೋದೆ.

"ಒಗ್ಗರಣಿ ಹಾಕಿ, ಅದನ್ನ ಸೋಸಿ ಬಿಟ್ರ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಸಾವಿನ ಬೇಳೆಯ ಮಾತು ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿದಳು. "ನಮ್ಮಜ್ಜಿ ಮನೇಲೂ ಹಾಗೇ" ಎಂದಳು. ಆಮೇಲೆ ಹೇಳಿದಳು: "ಎಣ್ಣೆ ಒಂದು ಸಣ್ಣ ಚಮಚ, ಹೆಚ್ಚು ಬೇಡ. ಜೀರಿಗೆ, ಕರಿಬೇವು, ಚೂರು ಇಂಗು ಸಾಕು. ಮೆಣಸಿನಕಾಯಿ ಬೇಡವೇ ಬೇಡ. ಬೀಜ, ಎಲೆ ಒಂದೂ ಒಳಗೆ ಬೀಳಬಾರದು. ಮೊದಲ ದಿನ ಸ್ವಲ್ಪ ಕೊಟ್ಟು ನೋಡಿ. ನೋವು ಬಂದರೆ ನಿಲ್ಲಿಸಿ."

ಹೆಂಡತಿಯನ್ನು ಊರಿಗೆ ಕಳಿಸಲಿಲ್ಲ. ಕರೆದು ಒಲೆಯ ಮುಂದೆ ಕೂರಿಸಿದೆ. ಒಗ್ಗರಣೆ ಸೌಟನ್ನು ಅವಳ ಕೈಗೇ ಕೊಟ್ಟೆ. "ನೀನ ಹಾಕು" ಎಂದೆ. ಎಣ್ಣೆ ಕಾಯಿತು. ಜೀರಿಗೆ ಸಿಡಿಯಿತು, ಕರಿಬೇವು ಚಟಪಟ ಎಂದಿತು. ನಾನು ಬೇಳೆಯ ಪಾತ್ರೆಯ ಮೇಲೆ ಚಹಾ ಸೋಸುವ ಸಣ್ಣ ಜಾಲರಿ ಹಿಡಿದೆ. ಅವಳು ಸುರಿದಳು. ಬಿಸಿ ಎಣ್ಣೆ ಬೇಳೆಗೆ ಬಿದ್ದು ಚುಂಯ್ ಎಂದಿತು. ಬೀಜ, ಎಲೆ ಜಾಲರಿಯಲ್ಲೇ ಉಳಿದವು. ಅವನ್ನು ಡ್ರೈವರುಗಳ ಸಾರಿಗೆ ಕೊಡವಿದೆ. ಈ ಸಲ ಹಿತ್ತಲಲ್ಲಿ ಮಾಡಲಿಲ್ಲ, ಮುಂದಿನ ಒಲೆಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಮಾಡಿದೆ.

ಗುಂಟೂರಿನವನು ಅಲ್ಲೇ ರೊಟ್ಟಿ ಮುರಿಯುತ್ತಿದ್ದ. ಮೂಗು ಎತ್ತಿದ.

"ಓಹೋ, ಇವತ್ತು ಜೀವ ಬಂತಲ್ಲಮ್ಮಾ ಬ್ಯಾಳಿಗೆ."

"ನಿನಗಲ್ಲ ಅದು. ಮುಂದ ನೋಡಿ ಉಣ್ಣು."

ಡ್ರೈವರ್ ಮೊದಲ ದಿನ ಎರಡು ಚಮಚ ಉಂಡ. ನೋವು ಬರಲಿಲ್ಲ. ಮರುದಿನ ಸ್ವಲ್ಪ ಹೆಚ್ಚು. ಅವಳು ಸುರಿಯುವುದು, ನಾನು ಜಾಲರಿ ಹಿಡಿಯುವುದು, ಅವನು ಸದ್ದು ಕೇಳಿ ಬಯಲಿಂದ ಎದ್ದು ಬರುವುದು. ಪುಂಡಿಪಲ್ಯದ ಮಾತು ಅವಳು ಮತ್ತೆ ಎತ್ತಲಿಲ್ಲ. ಬೆಳಿಗ್ಗೆ ಮೊಟ್ಟೆ, ಆಮೇಲೆ ಮೊಸರು ಕಲಸಿದ ಅನ್ನ, ಮಧ್ಯಾಹ್ನ ಬೇಳೆ, ಇಳಿಹೊತ್ತಿಗೆ ಮೀನು ಇದ್ದರೆ ಮೀನು. ನಡುನಡುವೆ ರಕ್ತ ಕಂಡ ದಿನಗಳೂ ಇದ್ದವು. ಆಗ ಆಸ್ಪತ್ರೆಗೆ ಓಡುವುದು, ಗುಳಿಗೆ ಬದಲಿಸುವುದು, ಮತ್ತೆ ಗಂಜಿಯಿಂದ ಶುರು. ಯಾವುದೂ ನೆಟ್ಟಗೆ ನಡೆಯಲಿಲ್ಲ. ತೋಳು ಮಾತ್ರ ನಿಧಾನಕ್ಕೆ ತುಂಬಿತು.

ತಕ್ಕಡಿ ಹತ್ತುವ ದಿನ ಸಾಬರು ಬಾಗಿಲು ಮುಂದೆ ಮಾಡಿ, "ಎಲ್ಲ ಬಿಚ್ಚಪ್ಪಾ, ನಿನ್ನ ಮ್ಯಾಲ ನಂಬಿಕಿ ಹೋಗೈತಿ" ಎಂದರು. ಚಡ್ಡಿಯಲ್ಲಿ ನಿಲ್ಲಿಸಿದರು. ತಟ್ಟೆಯಲ್ಲಿ ಕೂತ. ಚೀಲ ಅಲ್ಲಾಡಿತು, ಎದ್ದಿತು, ಇವನು ಇಳಿದ, ಮತ್ತೆ ಏರಿದ. ತಕ್ಕಡಿಯ ಮುಳ್ಳು ನಡುವೆ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಡಾಕ್ಟರ್ ಅಷ್ಟಕ್ಕೆ ಒಪ್ಪಿದರು.

ಕೊಯ್ದರು. ಬಿಗಿದ ತುಂಡು ತೆಗೆದು ಜೋಡಿಸಿದರು. ರೋಗ ಮತ್ತೆ ಬರಬಹುದು, ಗುಳಿಗೆ ಬಿಡಬೇಡ ಎಂದರು. ನಾನು ಒಂದು ಸಲ ನೋಡಿ ಬಂದೆ. ಆಮೇಲೆ ಹೆಂಡತಿ ಅವನನ್ನು ದೇಶನೂರಿಗೆ ಕರೆದುಕೊಂಡು ಹೋದಳು. ಸುದ್ದಿ ನಿಂತಿತು. ನನಗೂ ರೊಟ್ಟಿಯ ಕೆಲಸ ಬೆನ್ನು ಹತ್ತಿತ್ತು.

ಒಂದು ದಿನ ಒಬ್ಬ ಡ್ರೈವರ್ ಊಟಕ್ಕೆ ಕೂತವನು ಹೇಳಿದ. "ಯವ್ವಾ, ಆ ದೇಶನೂರಿನ ಹೊಟ್ಟಿ ಬ್ಯಾನಿ ಡ್ರೈವರ್ ತೀರಿಕೊಂಡನಂತ. ಸಿರುಗುಪ್ಪದಾಗ ಯಾರೋ ಅಂದ್ರು."

ಕೈಯಲ್ಲಿದ್ದ ರೊಟ್ಟಿ ಬಡಿದು ಮುಗಿಸಿದೆ. ಹಂಚಿನ ಮೇಲಿದ್ದದ್ದನ್ನೂ ಸುಟ್ಟೆ. ಆಮೇಲೆ ಬೇಳೆ ಇಟ್ಟೆ. ಸತ್ತ ಮನೆಗೆ ಬರಿಗೈಲಿ ಹೋಗುವಂತಿಲ್ಲ. ಬೇಳೆ ಬೆಂದಿತು, ಉಪ್ಪು ಹಾಕಿದೆ, ಒಗ್ಗರಣೆ ಹಾಕಲಿಲ್ಲ. ಜಾಲರಿ ಗೂಟದಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ. ಡಬ್ಬಿಗೆ ತುಂಬಿ, ಅನ್ನ ಗಂಟು ಕಟ್ಟಿ, ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ಗದ್ದೆ ಹಸಿರು, ಕಾಲುವೆ ತುಂಬಿ ಹರಿಯುತ್ತಿತ್ತು. ನನಗೆ ನಿದ್ದೆ ಬಂದುಬಿಟ್ಟಿತು. ಅಷ್ಟು ದಣಿದಿದ್ದೆ. ಆ ಹುಡುಗಿಗೆ ಏನು ಹೇಳಬೇಕು ಎಂದು ಯೋಚಿಸಲೂ ಆಗಲಿಲ್ಲ.

ದೇಶನೂರಿನಲ್ಲಿ ಇಳಿದು ಮನೆ ಕೇಳುತ್ತಾ ನಡೆದೆ. ಅವರ ಓಣಿಗೆ ತಿರುಗಿದೆ. ಅಳುವಿಲ್ಲ, ಮಂದಿ ಇಲ್ಲ. ಮಣ್ಣು ಮಾಡಿ ಬಂದಿರಬೇಕು ಅಂದುಕೊಂಡೆ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಒಳಗೆ ಜೀರಿಗೆ ಸಿಡಿದು, ಚುಂಯ್ ಎಂದಿತು.

ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಡಬ್ಬಿ ಕಟ್ಟೆಗೆ ತಾಗಿದ ಸದ್ದು ಕೇಳಿ ಹೆಂಡತಿ ಹೊರಬಂದಳು. ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಜಾಲರಿ. ಹಿಂದೆ ಅವನು, ಹೊಟ್ಟೆಗೆ ಕೈ ಹಿಡಿದು, ನಿಧಾನಕ್ಕೆ. ಸತ್ತವನು ಬೇರೆ ಊರಿನ ಇನ್ಯಾವನೋ ಡ್ರೈವರ್ ಎಂದು ಆಮೇಲೆ ತಿಳಿಯಿತು.

"ಯವ್ವಾ! ಹೇಳದ ಕೇಳದ ಬಂದೀಯಲ್ಲ. ಡಬ್ಬ್ಯಾಗ ಏನು ತಂದೀ?"

"ನಿನ್ನ ಮಣ್ಣಿಗೆ ಬ್ಯಾಳಿ ತಂದೀನಲೇ."

ಅವನು ನಗಲು ಹೋಗಿ ಹೊಲಿಗೆ ಎಳೆದು ಗೋಡೆ ಹಿಡಿದ. ಹೆಂಡತಿ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಒಳಗೆ ಹೋದಳು. ಎಣ್ಣೆ ಕಾಯಿಸಿದಳು. ನಾನು ಕಟ್ಟೆಯ ಮೇಲೆ ಕೂತೇ ಕೇಳಿದೆ. ಇನ್ನೊಂದು ಸಲ ಚುಂಯ್ ಎಂದಿತು.

ಆ ಬೇಳೆಯನ್ನೇ ಮೂವರೂ ಉಂಡೆವು. ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು.